ಮೊಲದ ಮುಂದಿಡುವ ಸೊಪ್ಪಿನ ಗುರುತು

ಮನೆಯಲ್ಲಿ ಸಾಕಿದ ಮೊಲಕ್ಕೆ ಬೀದಿಬದಿಯ ಸೊಪ್ಪು ಕಿತ್ತು ಹಾಕುವವರನ್ನು ತಡೆದು ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. "ಅದಕ್ಕೆ ಗೊತ್ತಿರುತ್ತೆ ಬಿಡಿ ಮೇಡಂ, ವಿಷ ಇದ್ದರೆ ಅದೇ ಮೂಸಿ ಬಿಟ್ಟುಬಿಡುತ್ತೆ." ಓದಿದವರು, ಓದದವರು, ಮಕ್ಕಳು, ಮುದುಕರು ಎಲ್ಲರೂ ಇದನ್ನು ಒಂದೇ ಧೈರ್ಯದಿಂದ ಹೇಳುತ್ತಾರೆ. ಈ ಧೈರ್ಯಕ್ಕೆ ಆಧಾರವಿಲ್ಲ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಸಾಕು ಮೊಲದ ತವರು ಸ್ಪೇನ್, ಪೋರ್ಚುಗಲ್ ಕಡೆಯ ಒಣ ಹುಲ್ಲುಗಾವಲು. ನಮ್ಮ ಹೊಲದ ಬದುಗಳಲ್ಲಿ ಚಂಗನೆ ನೆಗೆದು ಓಡುವ ಕಾಡುಮೊಲದ ಜಾತಿಯೇ ಬೇರೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಬಿಳಿ ಮೈ, ಕೆಂಪು ಕಣ್ಣಿನ ಈ ಸಾಕುಮೊಲ ಯುರೋಪಿನಿಂದ ಬಂದದ್ದು. ಅದರ ಮುಂದೆ ನಾವು ಇಡುವ ಕಳೆಗಳಾದರೂ ಎಲ್ಲಿಯವು? ಲಂಟಾನ, ಪಾರ್ಥೇನಿಯಂ, ಗಾಯಕ್ಕೆ ಹಿಂಡುವ ಟ್ರೈಡ್ಯಾಕ್ಸ್, ಅಜೆರೇಟಮ್ ಎಲ್ಲವೂ ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಯೂರಿದವು. ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಓದಿದವರಿಗೆ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆಗಳ ಊರು ಗೊತ್ತಿರುತ್ತದೆ. ಖಾಲಿ ಸೈಟಿನ ಕಳೆಗಳೂ ಅದೇ ದಿಕ್ಕಿನಿಂದ ಹಡಗು ಹತ್ತಿದವು. ಸ್ಪೇನಿನ ಪ್ರಾಣಿ, ಮೆಕ್ಸಿಕೋದ ಗಿಡ, ಎರಡೂ ಮೈಸೂರಿನ ಒಂದು ಬಾಲ್ಕನಿಯಲ್ಲಿ ಮೊದಲ ಸಲ ಮುಖಾಮುಖಿಯಾದಾಗ ಮೊಲದ ಯಾವ ಹುಟ್ಟರಿವು ಅದಕ್ಕೆ ಎಚ್ಚರಿಕೆ ಕೊಡಬೇಕು?

ಇನ್ನೊಂದು ಸಂಗತಿಯೂ ಇದೆ. ಯಾವುದನ್ನು ತಿನ್ನಬಹುದು ಎಂಬುದನ್ನು ಮೊಲದ ಮರಿ ತಾಯಿಯಿಂದ ಕಲಿಯುತ್ತದೆ. ತಾಯಿ ಬಸುರಿಯಾಗಿದ್ದಾಗ ತಿಂದ ಸೊಪ್ಪಿನ ವಾಸನೆ, ಅವಳ ಹಾಲಿನ ವಾಸನೆ, ಗೂಡಿನಲ್ಲಿ ಅವಳು ಬಿಟ್ಟುಹೋಗುವ ಹಿಕ್ಕೆಯ ವಾಸನೆ, ಇವೇ ಮರಿಯ ಪಾಠ. ಅಂಗಡಿಯ ಪಂಜರದಲ್ಲಿ ಹುಟ್ಟಿದ ಮರಿಯ ತಾಯಿ ತಿಂದದ್ದು ಮೂಟೆಯ ಕಾಳುಮೇವು, ಮಾರುಕಟ್ಟೆಯಲ್ಲಿ ಉಳಿದ ಎಲೆಕೋಸು. ಅಂಥ ಮರಿಗೆ ಉಮ್ಮತ್ತಿಯನ್ನು ಬಿಡು ಎಂದು ಹೇಳಿಕೊಟ್ಟವರು ಯಾರೂ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹುಟ್ಟೂರು ತುರುವೇಕೆರೆ ಕಡೆ, ಈಗ ಇರುವುದು ಮೈಸೂರಿನ ಲಿಂಗಾಂಬುಧಿ ಕೆರೆಯ ಆಚೆಗಿನ ಒಂದು ಬಡಾವಣೆಯಲ್ಲಿ. ಪಕ್ಕದ ಮನೆಯವರು ವರ್ಗವಾಗಿ ಹೋಗುವಾಗ ಅವರ ಎರಡು ಮೊಲಗಳನ್ನು ನನ್ನ ಹಿತ್ತಲಿಗೆ ಬಿಟ್ಟುಹೋದರು. ಅಂದಿನಿಂದ ದಿನಬೆಳಗಾದರೆ ಬುಟ್ಟಿ ಹಿಡಿದು ಖಾಲಿ ಸೈಟುಗಳ ಅಂಚಿನಲ್ಲಿ ನಡೆಯುತ್ತೇನೆ. ಬಡಾವಣೆಯಲ್ಲಿ ಮೊಲ ಸಾಕಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಚೀಲ ತಂದು "ಇದು ಕೊಡಬಹುದಾ ಮಿಸ್?" ಎಂದು ಕೇಳತೊಡಗಿದರು. ಆ ಚೀಲಗಳನ್ನು ಸುರಿದು ಬೇರ್ಪಡಿಸುತ್ತ ಕೂತಾಗ ನಮ್ಮ ಊರುಗಳಲ್ಲಿ ಗಿಡದ ಗುರುತು ಎಷ್ಟು ಬೇಗ ಕೈಬಿಟ್ಟು ಹೋಗುತ್ತಿದೆ ಎಂಬುದು ಕಣ್ಣಿಗೆ ಕಟ್ಟಿತು.

ಮಕ್ಕಳ ಚೀಲದಲ್ಲಿ ತಪ್ಪು ಸೊಪ್ಪು ಬರುವುದು ಸಹಜ, ತಿದ್ದಬಹುದು. ದೊಡ್ಡವರ ನಂಬಿಕೆಗಳನ್ನು ತಿದ್ದುವುದು ಕಷ್ಟ. 'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ಮುಂದಿಟ್ಟು, ಆಡು ತಿನ್ನುವುದನ್ನೆಲ್ಲ ಮೊಲಕ್ಕೂ ಹಾಕಬಹುದು ಎನ್ನುತ್ತಾರೆ. ಆಡಿನ ಹೊಟ್ಟೆ ಬೇರೆ, ಮೊಲದ ಹೊಟ್ಟೆ ಬೇರೆ. ಆಡು ತಿಂದದ್ದು ಮೊದಲು ಅದರ ದೊಡ್ಡ ಹೊಟ್ಟೆಗೆ, ಕೋಟ್ಯಂತರ ಸೂಕ್ಷ್ಮಜೀವಿಗಳ ಮಧ್ಯೆ ಹೋಗಿ ಬೀಳುತ್ತದೆ. ಕೆಲವು ವಿಷಗಳು ಅಲ್ಲೇ ಮುರಿಯುತ್ತವೆ. ಮೊಲದಲ್ಲಿ ಆಹಾರ ಮೊದಲು ಜಠರ, ಸಣ್ಣ ಕರುಳು ದಾಟಬೇಕು. ಸೂಕ್ಷ್ಮಜೀವಿಗಳ ಮನೆಯಾದ ಸೀಕಮ್ ಎಂಬ ಚೀಲ ಆಮೇಲೆ ಬರುತ್ತದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ವಿಷ ರಕ್ತಕ್ಕೆ ಸೇರಿರುತ್ತದೆ. ಸುಬಾಬುಲ್ ಸೊಪ್ಪೇ ಇದಕ್ಕೆ ಒಳ್ಳೆಯ ಉದಾಹರಣೆ. ಸಾಮಾಜಿಕ ಅರಣ್ಯದ ಕಾಲದಲ್ಲಿ ರಸ್ತೆಬದಿಗೆಲ್ಲ ನೆಟ್ಟ ಮರ ಅದು. ಅದರಲ್ಲಿರುವ ಮಿಮೊಸಿನ್ ಎಂಬ ವಸ್ತುವನ್ನು ಒಡೆಯುವ ಬ್ಯಾಕ್ಟೀರಿಯಾ ಆಡಿನ ಹೊಟ್ಟೆಯಲ್ಲಿ ಇರಬಲ್ಲವು. ಅದೇ ಸೊಪ್ಪನ್ನು ಮೊಲಕ್ಕೆ ಸತತವಾಗಿ ಹಾಕಿದರೆ ಮೈಕೂದಲು ಉದುರುತ್ತದೆ. ಆಡಿಗೂ ಎಲ್ಲವೂ ದಕ್ಕುವುದಿಲ್ಲ. ಕೆರೆ ಅಂಗಳದಲ್ಲಿ ನೇರಳೆ ಹೂ ಬಿಟ್ಟು ಪೊದೆಯಾಗಿ ನಿಲ್ಲುವ ಬೇಶರಂ ಗಿಡವನ್ನು ತಿನ್ನುತ್ತಾ ಹೋದ ಆಡು ತಲೆ ನಡುಗಿ, ಕಾಲು ತೊಡರಿ ಬೀಳುತ್ತದೆ.

ಇನ್ನು ಕೆಲವರದು ಹುಳುವಿನ ಸಾಕ್ಷಿ. ಹುಳು ತೂತು ಮಾಡಿದ ಎಲೆ ವಿಷವಲ್ಲ ಎಂದು ಅವರ ನಂಬಿಕೆ. ಎಕ್ಕದ ಗಿಡವನ್ನು ಹೋಗಿ ನೋಡಲಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳು ಆ ಹಾಲು ತುಂಬಿದ ಎಲೆಯನ್ನು ಅಂಚಿನಿಂದ ಅಂಚಿಗೆ ಕತ್ತರಿಸಿ ತಿಂದು ಚಿಟ್ಟೆಯಾಗುತ್ತದೆ. ಆ ವಿಷವೇ ಚಿಟ್ಟೆಗೆ ರಕ್ಷಣೆ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಪಾರ್ಥೇನಿಯಂ ಹಾವಳಿ ತಗ್ಗಿಸಲೆಂದೇ ಮೆಕ್ಸಿಕೋದಿಂದ ತರಿಸಿದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಇಡೀ ಗಿಡವನ್ನು ಕಡ್ಡಿ ಮಾಡಿಬಿಡುತ್ತದೆ. ಅದನ್ನು ನೋಡಿ ಯಾರಾದರೂ ಪಾರ್ಥೇನಿಯಂ ಮೊಲಕ್ಕೆ ಹಾಕಿದರೆ?

ಪಕ್ಕದ ಮನೆಯ ಮೊಲ ತಿಂದು ಚೆನ್ನಾಗಿಯೇ ಇದೆ ಎನ್ನುವ ಸಾಕ್ಷಿಯೂ ನಿಲ್ಲುವುದಿಲ್ಲ. ಉಮ್ಮತ್ತಿಯಲ್ಲಿರುವ ವಿಷಗಳಲ್ಲಿ ಆಟ್ರೊಪಿನ್ ಒಂದು. ಕೆಲವು ಮೊಲಗಳ ರಕ್ತದಲ್ಲಿ ಆಟ್ರೊಪಿನ್ ಒಡೆಯುವ ಕಿಣ್ವ ಹುಟ್ಟಿನಿಂದಲೇ ಇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ. ಹೊರಗಿನಿಂದ ನೋಡಿ ಯಾವುದರಲ್ಲಿ ಇದೆ ಎಂದು ಹೇಳುವಂತಿಲ್ಲ. ಒಂದು ಮನೆಯ ಮೊಲ ಬದುಕಿತು ಎಂಬುದನ್ನು ನೆಚ್ಚಿಕೊಂಡು ಇನ್ನೊಂದು ಮನೆಯ ಮೊಲಕ್ಕೆ ಅದೇ ಎಲೆ ಹಾಕುವುದು ಜೂಜು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಮಾತ್ರ ನನ್ನ ಮನಸ್ಸಿಗೆ ಹತ್ತಿರದ್ದು. ನಾವು ತಿನ್ನುವ ಸೊಪ್ಪು ಮೊಲಕ್ಕೂ ಆಗುತ್ತದೆ ಎಂಬುದು. ನನ್ನಮ್ಮ ರಾಗಿ ಹೊಲದ ಕಳೆ ತೆಗೆಯುವಾಗ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಅಣ್ಣೆ ಸೊಪ್ಪು, ಕಿರಕಸಾಲೆ, ಹೊನಗೊನೆ, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ ಸೊಪ್ಪು ಎಲ್ಲ ಒಂದೇ ಮಡಿಲಿನಲ್ಲಿ. ಮನೆಗೆ ಬಂದು ಮೊರದ ಮೇಲೆ ಹರಡಿ, ಒಂದೊಂದೇ ಕುಡಿ ಎತ್ತಿ ಸೋಸುವಳು. ಸಂಜೆಗೆ ಬಸ್ಸಾರು. ಆ ಸೋಸುವಿಕೆಯೇ ನನ್ನ ಮೊದಲ ಸಸ್ಯಶಾಸ್ತ್ರದ ತರಗತಿ ಎಂದು ಇಂದಿಗೂ ನಂಬಿದ್ದೇನೆ. ಆದರೆ ಅಮ್ಮನ ಸೊಪ್ಪೆಲ್ಲ ಬೆಂದು, ಬಸಿದು ತಟ್ಟೆಗೆ ಬರುತ್ತಿತ್ತು. ಮೊಲ ತಿನ್ನುವುದು ಹಸಿಯದನ್ನು. ಗಣಿಕೆ ಸೊಪ್ಪು ಬೇಯಿಸಿದರೆ ನಮಗೆ ಬಾಯಿಹುಣ್ಣಿಗೆ ಒಳ್ಳೆಯದು ಎನ್ನುತ್ತಾರೆ. ಹಸಿ ಗಿಡದಲ್ಲಿ, ಅದರಲ್ಲೂ ಹಸಿರು ಕಾಯಲ್ಲಿ, ಹಸಿರಾದ ಆಲೂಗಡ್ಡೆಯಲ್ಲಿರುವ ಬಗೆಯ ಸೊಲನಿನ್ ವಿಷವಿದೆ. ಕೆಸುವಿನ ಎಲೆಯನ್ನು ಪತ್ರೊಡೆಗೆ ಹುಣಸೆಹುಳಿ ಹಚ್ಚಿ ಹಬೆಯಲ್ಲಿ ಬೇಯಿಸುವುದು ಏಕೆ? ಹಸಿ ಎಲೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ನಾಲಗೆಗೆ ಚುಚ್ಚಿ ತುರಿಸುತ್ತವೆ. ಆ ಅಗಲವಾದ ಮೆತ್ತನೆಯ ಎಲೆಯನ್ನು ಮೊಲದ ಮುಂದೆ ಹಾಸುವವರನ್ನು ಕಂಡಿದ್ದೇನೆ. ಮೊಲದ ಬಾಯಿ, ಗಂಟಲು ಊದಿಕೊಂಡರೆ ಅದು ಕಿರುಚಿ ಹೇಳುವುದಿಲ್ಲ, ಮೂಲೆಗೆ ಹೋಗಿ ಕೂರುತ್ತದೆ.

ಇಲ್ಲೇ ಈ ಪ್ರಾಣಿಯ ಒಂದು ಕಷ್ಟವನ್ನು ಹೇಳಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ವಿಷ ತಿಂದ ನಾಯಿಗೆ ವೈದ್ಯರು ಬೇಗನೆ ವಾಂತಿ ಮಾಡಿಸಿ ಉಳಿಸಬಹುದು. ಮೊಲದ ಹೊಟ್ಟೆಗೆ ಇಳಿದದ್ದು ಇಳಿದಂತೆಯೇ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಅದು ತಿನ್ನುವುದನ್ನು ನಿಲ್ಲಿಸಿದರೆ, ಹಿಕ್ಕೆ ಸಣ್ಣಗಾದರೆ ಅಥವಾ ನಿಂತರೆ, ಕರುಳಿನ ಚಲನೆಯೇ ನಿಲ್ಲುತ್ತಿದೆ ಎಂದು ಅರ್ಥ. ಒಂದು ದಿನ ಕಾದು ನೋಡೋಣ ಎನ್ನುವಷ್ಟು ಸಮಯ ಅಲ್ಲಿರುವುದಿಲ್ಲ. ಜಿಲ್ಲಾ ಕೇಂದ್ರಗಳಲ್ಲೂ ದನ, ಕುರಿ, ನಾಯಿ ನೋಡುವಷ್ಟು ಸಲೀಸಾಗಿ ಮೊಲ ನೋಡುವ ಪಶುವೈದ್ಯರು ಸುಲಭವಾಗಿ ಸಿಗುವುದಿಲ್ಲ. ಹೀಗಿರುವಾಗ ಎಚ್ಚರ ಇರಬೇಕಾದ ಜಾಗ ಆಸ್ಪತ್ರೆಗಿಂತ ಬಹಳ ಮೊದಲು, ನಮ್ಮ ಕೈ ಗಿಡದ ಕಡೆ ಚಾಚುವ ಹೊತ್ತಿನಲ್ಲಿ.

ಹಾಗಾದರೆ ಕೊಯ್ಯುವುದೇ ಬೇಡವೇ? ಖಂಡಿತ ಬೇಕು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ನಾರಿನ ಹುಲ್ಲು ಬೇಕು, ಕರುಳು ಓಡಲೂ ಹುಲ್ಲೇ ಬೇಕು. ದಿನದ ಆಹಾರದ ಬಹುಪಾಲು ಹುಲ್ಲೇ ಆಗಿರಬೇಕು. ಹೊರದೇಶದಿಂದ ಬರುವ ಒಣಹುಲ್ಲಿನ ಪೊಟ್ಟಣಕ್ಕೆ ದುಬಾರಿ ಹಣ ತೆರಲಾಗದ ಮನೆಗಳಿಗೆ ನಮ್ಮ ಗರಿಕೆ ಇದೆ, ಹೊಲದ ಬದುವಿನ ಹುಲ್ಲಿದೆ. ಹಿಪ್ಪುನೇರಳೆ ಸೊಪ್ಪಂತೂ ಮೊಲಕ್ಕೆ ಬಲು ಇಷ್ಟ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಾದ್ದರಿಂದ ಬೆಳೆಗಾರರು ಕೊಯ್ಲಿನ ಮುಂಚೆ ಕೀಟನಾಶಕ ಹೊಡೆಯಲು ಹೆದರುತ್ತಾರೆ, ಅದು ನಮಗೆ ಲಾಭ. ಹಿತ್ತಲಲ್ಲಿ ನೆಟ್ಟ ಎರಡು ಹಿಪ್ಪುನೇರಳೆ ಕಡ್ಡಿ ನನ್ನ ಮೊಲಗಳಿಗೆ ಅನ್ನಪೂರ್ಣೆಯಾಗಿವೆ.

ಮಕ್ಕಳಿಗೆ ನಾನು ಮೊದಲು ಕಲಿಸುವ ಕಳೆ ಟ್ರೈಡ್ಯಾಕ್ಸ್. ಗಬ್ಬು ಸಣ್ಣ ಸೇವಂತಿ, ಜಯಂತಿ, ಗಾಯದ ಸೊಪ್ಪು ಎಂದು ಊರೂರಿಗೆ ಬೇರೆ ಹೆಸರು. ಮೊಣಕಾಲು ತರಚಿದಾಗ ನಾವೆಲ್ಲ ಇದರ ರಸ ಹಿಂಡಿಕೊಂಡವರೇ. ಮೊಲ ಸಾಕುವವರಿಗೆ ಇದು ಬಹುಕಾಲದಿಂದ ಪರಿಚಿತ ಮೇವು. ನೆಲಕ್ಕೆ ಒರಗಿ ಹರಡುವ ಗಿಡ, ಕಾಂಡದ ಗಿಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆ. ಎಲೆಯ ಅಂಚು ಒರಟಾದ ಗರಗಸ, ಎರಡೂ ಮಗ್ಗುಲಲ್ಲಿ ಬೆರಳಿಗೆ ಒರಟಾಗಿ ತಾಗುವ ರೋಮ. ಇದಿಷ್ಟನ್ನೇ ನೋಡಿ ಕೊಯ್ದರೆ ಮೋಸ ಹೋಗುತ್ತೀರಿ. ಹೂ ನೋಡಬೇಕು. ಗೇಣುದ್ದದ, ಎಲೆಯಿಲ್ಲದ ಬೋಳು ತೊಟ್ಟಿನ ತುದಿಯಲ್ಲಿ ಒಂದೇ ಒಂದು ಹೂ, ನಡುವೆ ಹಳದಿ, ಸುತ್ತ ಕೆನೆಬಣ್ಣದ ಕೆಲವೇ ಎಸಳು. ಪ್ರತಿ ಎಸಳಿನ ತುದಿ ಮೂರಾಗಿ ಸೀಳಿರುತ್ತದೆ. ಮಕ್ಕಳು ಬೂತಗನ್ನಡಿ ಹಿಡಿದು ಆ ಮೂರು ಸೀಳನ್ನು ತಾವಾಗಿ ಕಂಡಾಗ ಅವರ ಮುಖದಲ್ಲಿ ಬರುವ ಬೆಳಕನ್ನು ನಾನು ತರಗತಿಯಲ್ಲೂ ಅಷ್ಟಾಗಿ ಕಂಡಿರಲಿಲ್ಲ.

ಇದರ ಪಕ್ಕದಲ್ಲೇ, ಅದೇ ಖಾಲಿ ಸೈಟಿನ ಅಂಚಿನಲ್ಲಿ, ಅಜೆರೇಟಮ್ ಬೆಳೆದಿರುತ್ತದೆ. ಊರಾಲ ಗಿಡ ಎನ್ನುವುದುಂಟು. ಇದರಲ್ಲೂ ಎದುರುಬದುರು ಎಲೆ, ಇದರಲ್ಲೂ ರೋಮ. ಹೂ ಬರುವ ಮುಂಚೆ ಎರಡನ್ನೂ ಬೆರೆಸಿ ಕೈಗೆ ಕೊಟ್ಟರೆ ಹೊಸಬರು ಬೇರ್ಪಡಿಸಲಾರರು. ಅಜೆರೇಟಮ್ ನೆಟ್ಟಗೆ ನಿಲ್ಲುತ್ತದೆ, ಎಲೆ ಮೆತ್ತಗೆ, ಅಂಚಿನ ಹಲ್ಲು ದುಂಡಗೆ. ಉಜ್ಜಿ ಮೂಸಿದರೆ ಗಂಡು ಮೇಕೆಯ ಮೈವಾಸನೆ. ಹೂವು ತಿಳಿನೇರಳೆ ಅಥವಾ ಬಿಳಿ, ಎಸಳಿಲ್ಲದ ಸಣ್ಣ ಚೆಂಡುಗಳು ಗೊಂಚಲಾಗಿ ಒತ್ತಿಕೊಂಡಿರುತ್ತವೆ. ಇದರಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡುಗಳು ಯಕೃತ್ತನ್ನು ಹಾಳು ಮಾಡುವಂಥವು. ಒಂದೆರಡು ಎಲೆ ತಿಂದ ದಿನ ಏನೂ ಆಗದಿರಬಹುದು, ಅಪಾಯ ಅಲ್ಲೇ ಇದೆ. ದಿನವೂ ಸ್ವಲ್ಪ ಸ್ವಲ್ಪ ತಿಂದು, ತಿಂಗಳುಗಳ ನಂತರ ಮೊಲ ಸೊರಗಿದಾಗ ಯಾರೂ ಆ ಸೊಪ್ಪನ್ನು ನೆನೆಯುವುದಿಲ್ಲ. ಗಿಲಕಿಯಂತೆ ಸದ್ದು ಮಾಡುವ ಒಣಕಾಯಿ ಬಿಡುವ ಗಿಜಿಗಿಜಿ ಗಿಡದಲ್ಲೂ ಇದೇ ಬಗೆಯ ವಿಷ.

ಪಾರ್ಥೇನಿಯಂ ವಿಷಯಕ್ಕೆ ಬರುತ್ತೇನೆ. ಬಿಳಿ ಹರಳಿನಂಥ ಹೂ ಬಿಟ್ಟು ಎದೆಯೆತ್ತರ ನಿಂತ ಕಾಂಗ್ರೆಸ್ ಗಿಡವನ್ನು ಯಾರೂ ಮೊಲಕ್ಕೆ ಹಾಕುವುದಿಲ್ಲ. ಮೋಸ ಮಾಡುವುದು ಅದರ ಎಳೆಯ ರೂಪ. ಮೊದಲ ಮಳೆ ಬಿದ್ದು ಕೆಲವು ವಾರ ಕಳೆಯುವಷ್ಟರಲ್ಲಿ ನೆಲಕ್ಕೆ ಅಂಟಿದ ಚಕ್ರದ ಹಾಗೆ, ಸಣ್ಣದಾಗಿ ಸೀಳಿದ ತಿಳಿಹಸಿರು ಎಲೆಗಳನ್ನು ಹರಡಿಕೊಳ್ಳುತ್ತದೆ. ನೋಡಲು ಥೇಟ್ ಕ್ಯಾರೆಟ್ ಸೊಪ್ಪು. ಮೊಲ ಎಂದರೆ ಕ್ಯಾರೆಟ್ ಎಂದು ಚಿತ್ರಪುಸ್ತಕದಲ್ಲಿ ಕಲಿತ ಮಗು ಸಂತೋಷದಿಂದ ಅದನ್ನೇ ಕಿತ್ತು ತರುತ್ತದೆ. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಮುಟ್ಟಿದವರ ಚರ್ಮಕ್ಕೇ ತುರಿಕೆ ಹಚ್ಚುತ್ತದೆ, ದನ ತಿಂದರೆ ಹಾಲು ಕಹಿಯಾಗುತ್ತದೆ. ಗುರುತು ಹಿಡಿಯುವುದು ಸುಲಭ: ಎಲೆ ಉಜ್ಜಿ ಮೂಸಿ. ಕ್ಯಾರೆಟ್ ಸೊಪ್ಪಿಗೆ ಕೊತ್ತಂಬರಿ ಕುಲದ ಪರಿಮಳ ಇರುತ್ತದೆ. ಪಾರ್ಥೇನಿಯಂನಲ್ಲಿ ಅದಿಲ್ಲ, ಎಲೆಯ ಮೇಲೆ ಬೂದು ಛಾಯೆಯ ನವಿರು ರೋಮ ಇರುತ್ತದೆ. ತುರಿಕೆಯ ಚರ್ಮದವರು ಉಜ್ಜಲೂ ಹೋಗಬೇಡಿ. ಬಿತ್ತದ ಜಾಗದಲ್ಲಿ ಕ್ಯಾರೆಟ್ ತಾನಾಗಿ ಹುಟ್ಟುವುದಿಲ್ಲ ಎಂಬ ಒಂದು ವಿಚಾರ ನೆನಪಿದ್ದರೂ ಸಾಕು.

ಗೋಣಿ ಸೊಪ್ಪಿನದೂ ಹೀಗೆಯೇ. ಕೆಂಪು ಕಾಂಡ, ನೆಲಕ್ಕೆ ಒರಗಿದ ರೆಂಬೆ, ಸಣ್ಣ ಎಲೆ. ಇದೇ ವರ್ಣನೆ ಅಚ್ಚೆಗಿಡದ ಬಳಗಕ್ಕೂ ಹೊಂದುತ್ತದೆ. ಬೆರಳಲ್ಲಿ ಹಿಸುಕಿದರೆ ಗೋಣಿ ಸೊಪ್ಪಿನ ಎಲೆ ದಪ್ಪ, ನುಣುಪು, ನೀರು ಒಸರುತ್ತದೆ. ಅಚ್ಚೆಗಿಡದ ಎಲೆ ತೆಳು, ಕಾಂಡ ಮುರಿದ ಕೂಡಲೇ ಬಿಳಿ ಹಾಲು. ಆ ಹಾಲು ಕರುಳಿಗೆ ಕೇಡು. ಹಾಗೆಂದು 'ಹಾಲು ಬಂದರೆ ವಿಷ' ಎಂದು ಸೂತ್ರ ಮಾಡಿಕೊಳ್ಳಬಾರದು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿಯನ್ನು ಮುರಿದರೂ ಹಾಲು ಬರುತ್ತದೆ. ಒಂದೇ ಗುರುತಿನ ಮೇಲೆ ನಿಂತು ಹೌದು ಎಂದಾಗಲಿ ಅಲ್ಲ ಎಂದಾಗಲಿ ಹೇಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕಾಂಡ, ಎಲೆಯ ಜೋಡಣೆ, ರೋಮ, ರಸ, ವಾಸನೆ, ಹೂ ಇವೆಲ್ಲ ಒಂದೇ ಗಿಡದ ಕಡೆ ಬೆರಳು ತೋರಿದಾಗ ಮಾತ್ರ ಕೊಯ್ಯಿರಿ. ಹೂವಿಲ್ಲದ ಎಳೆ ಗಿಡ ಸಂಶಯ ಹುಟ್ಟಿಸಿದರೆ ಅದನ್ನು ಅಲ್ಲೇ ಬಿಟ್ಟು, ಹೂ ಬಿಟ್ಟ ಮೇಲೆ ಮತ್ತೆ ಹೋಗಿ ನೋಡಿ. ಗೋಣಿ ಸೊಪ್ಪು, ಕಿರಕಸಾಲೆಗಳಲ್ಲಿ ಆಕ್ಸಲೇಟ್ ಹೆಚ್ಚು, ಆದ್ದರಿಂದ ಸರಿಯಾಗಿ ಗುರುತಿಸಿದ ಮೇಲೂ ಅವು ಆಗೊಮ್ಮೆ ಈಗೊಮ್ಮೆ ಒಂದು ಹಿಡಿಯಷ್ಟೇ.

ಬಳ್ಳಿಗಳ ಬಗ್ಗೆ ಒಂದು ಮಾತು. ಸಿಹಿಗೆಣಸಿನ ಸೊಪ್ಪು ಮೊಲಕ್ಕೆ ಒಳ್ಳೆಯದು. ಬೇಲಿಯ ಮೇಲೆ ಹಬ್ಬಿದ ಅದೇ ಕುಲದ ಬಳ್ಳಿಗಳಲ್ಲೂ ಹೃದಯದಾಕಾರದ ಎಲೆ, ಕೊಳವೆಯಾಕಾರದ ಹೂ ಇರುತ್ತದೆ. ಅವು ಒಳ್ಳೆಯವಲ್ಲ. ಗೆಣಸಿನ ಸೊಪ್ಪು ಬೇಕಿದ್ದರೆ ಗೆಣಸನ್ನು ಮಣ್ಣಿನಲ್ಲಿ ಹೂತು ಬೆಳೆಸಿಕೊಳ್ಳಿ.

ಗಿಡ ಗೊತ್ತಿದ್ದರೂ ಅದರ ವಯಸ್ಸು ಗೊತ್ತಿರಬೇಕಾಗುತ್ತದೆ. ಹಾವೇರಿ, ಗದಗ, ವಿಜಯಪುರದ ರೈತರಿಗೆ ಇದನ್ನು ಹೇಳಬೇಕಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರನ್ನು, ಕೊಯ್ದ ಬುಡದಿಂದ ಚಿಗುರಿದ ಕೂಳೆಯನ್ನು ದನ ತಿಂದರೆ ನಿಂತಲ್ಲೇ ಬೀಳುತ್ತದೆ ಎಂದು ಅವರಿಗೆ ಗೊತ್ತು. ಎಳೆ ಜೋಳದಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ, ಬಲಿತಂತೆ ಅದು ಕಡಿಮೆಯಾಗುತ್ತದೆ. ಅನ್ನ ಕೊಡುವ ಬೆಳೆಯೇ ಎಳೆಯದರಲ್ಲಿ ಹೀಗಿರುವಾಗ ಹೆಸರು ತಿಳಿಯದ ಚಿಗುರನ್ನು ಎಷ್ಟು ನಂಬಬೇಕು?

ಜಾಗವೂ ಅಷ್ಟೇ ಮುಖ್ಯ. ಕಳೆನಾಶಕ ಹೊಡೆದ ಮೇಲೂ ಗಿಡ ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಬಡಾವಣೆಯ ರಸ್ತೆ ಅಂಚು, ರೈಲು ಹಳಿಯ ಬದಿ, ಅಡಿಕೆ ತೋಟದ ಸಾಲು, ಕೊಳಚೆ ಹರಿಯುವ ಕಾಲುವೆ, ಬೀದಿನಾಯಿಗಳ ಜಾಗ ಇಲ್ಲೆಲ್ಲ ಕೊಯ್ಯಬಾರದು. ಲಿಂಗಾಂಬುಧಿ ಕೆರೆಯ ಸುತ್ತ ನಡೆಯುವಾಗ ನಾನು ಗಿಡ ನೋಡುತ್ತೇನೆ, ಕೀಳುವುದಿಲ್ಲ. ಅದು ಹಕ್ಕಿಗಳಿಗೆ ಬಿಟ್ಟ ಜಾಗ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಚಿತ್ರ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳಿವೆ. ನಾನೂ ಬಳಸುತ್ತೇನೆ. ಹೂ ಬಿಟ್ಟ ಗಿಡದ ಸ್ಪಷ್ಟ ಚಿತ್ರ ಕೊಟ್ಟರೆ ಅವು ಬಹಳ ಸಲ ಸರಿಯಾದ ಕುಲಕ್ಕೆ ತಂದು ನಿಲ್ಲಿಸುತ್ತವೆ. ಎಳೆ ಗಿಡದ ಚಿತ್ರಕ್ಕೂ ಅವು ಅದೇ ಆತ್ಮವಿಶ್ವಾಸದಿಂದ ಒಂದು ಹೆಸರು ಕೊಡುತ್ತವೆ, ತೊಂದರೆ ಅಲ್ಲಿ. ಚಿತ್ರಕ್ಕೆ ವಾಸನೆಯಿಲ್ಲ, ಒರಟುತನವಿಲ್ಲ, ಮುರಿದರೆ ಹಾಲಿಲ್ಲ. ಫೋನು ಹೇಳಿದ ಹೆಸರನ್ನು ಹಿಡಿದುಕೊಂಡು ಗಿಡದ ಬಳಿ ಮತ್ತೆ ಕೂತು ಒಂದೊಂದೇ ಲಕ್ಷಣ ಹೊಂದಿಸಿ ನೋಡುವ ತಾಳ್ಮೆ ಇದ್ದರೆ ಅದು ಒಳ್ಳೆಯ ಸಾಧನ. ಇಂಗ್ಲೆಂಡಿನವರು ಬರೆದ 'ಮೊಲಕ್ಕೆ ಸುರಕ್ಷಿತ ಗಿಡಗಳು' ಎಂಬ ಪಟ್ಟಿಗಳೂ ಫೋನಿನಲ್ಲಿ ಓಡಾಡುತ್ತವೆ. ಅವರ ಹಿತ್ತಲಿನ ಗಿಡಗಳಿಗೆ ಅವು ಸರಿ. ನಮ್ಮ ಬೀದಿಯ ಲಂಟಾನವಾಗಲಿ, ಅಜೆರೇಟಮ್ ಆಗಲಿ, ಎಕ್ಕವಾಗಲಿ ಅಲ್ಲಿ ಬೀದಿಬದಿಯ ಕಳೆಯಾಗಿ ಬೆಳೆಯುವುದಿಲ್ಲ, ಹಾಗಾಗಿ ಎಚ್ಚರಿಕೆಯ ಸಾಲಿನಲ್ಲಿ ಅವು ಇಲ್ಲದಿರಬಹುದು. ಪಟ್ಟಿಯಲ್ಲಿ ಇಲ್ಲದ್ದು ನಿರಪಾಯ ಎಂದು ಓದಿಕೊಳ್ಳುವವರಿಗೆ ಇದು ನೇರ ಅಪಾಯ.

ಗುರುತು ಹಿಡಿಯುವ ವಿದ್ಯೆ ನಮ್ಮಲ್ಲಿ ಇಲ್ಲದೇ ಇಲ್ಲ. ಸಲ್ಡಾನಾ ಮತ್ತು ನಿಕೋಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗ್ರಂಥ ಇಂದಿಗೂ ನನ್ನ ಮೇಜಿನ ಮೇಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ ಕರ್ನಾಟಕದ ಸಸ್ಯಗಳ ಒಣಗಿಸಿದ ಮಾದರಿಗಳು ಇವೆ. ವಿದ್ಯಾರ್ಥಿಗಳ ಜೊತೆ ಕಾಡು ಅಲೆದು ಗಿಡ ಗುರುತಿಸುವುದನ್ನು 'ಹಸುರು ಹೊನ್ನು'ವಿನಲ್ಲಿ ಸ್ವಾಮಿಯವರು ಕಥೆಯಾಗಿಸಿದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇತ್ತ ಸಂತೆಯಲ್ಲಿ ಬೆರಕೆ ಸೊಪ್ಪು ಮಾರುವ ಹೆಂಗಸರ ಬೆರಳ ತುದಿಯಲ್ಲಿ ಇನ್ನೊಂದು ಸಸ್ಯಶಾಸ್ತ್ರವೇ ಇದೆ. ಇವೆರಡರ ನಡುವೆ ಮೊಲದ ಮರಿ ಕೊಂಡು ಮನೆಗೆ ಹೋಗುವ ಸಾಮಾನ್ಯ ಮನುಷ್ಯ ಬರಿಗೈಯಲ್ಲಿ ನಿಂತಿದ್ದಾನೆ. ಮರಿ ಮಾರುವ ಅಂಗಡಿಯವರು ಪಂಜರ, ಬಟ್ಟಲು, ಕಾಳುಮೇವು ಎಲ್ಲ ಮಾರುತ್ತಾರೆ, ಯಾವ ಗಿಡ ಹಾಕಬಾರದು ಎಂಬ ಒಂದು ಹಾಳೆ ಕೊಡುವುದಿಲ್ಲ.

ಆ ಹಾಳೆ ಬೇಕು. ಪಶುವೈದ್ಯ ಕಾಲೇಜುಗಳು, ತಾಲ್ಲೂಕು ಪಶು ಆಸ್ಪತ್ರೆಗಳು ಕನ್ನಡದಲ್ಲಿ, ಇಲ್ಲಿಯದೇ ಗಿಡಗಳ ಚಿತ್ರಗಳೊಂದಿಗೆ ಅದನ್ನು ಅಚ್ಚು ಹಾಕಿಸಬೇಕು. ಪ್ರತಿ ಗಿಡಕ್ಕೂ ಮೊಳಕೆಯ ಚಿತ್ರ, ಹೂವಿನ ಚಿತ್ರ, ಅದರ ಪಕ್ಕದಲ್ಲಿ ಅದನ್ನು ಹೋಲುವ ಕೆಟ್ಟ ಗಿಡದ ಚಿತ್ರ, ಕೆಳಗೆ ಜಿಲ್ಲೆವಾರು ಹೆಸರುಗಳು ಮತ್ತು ಕನ್ನಡ ಲಿಪಿಯಲ್ಲೇ ವೈಜ್ಞಾನಿಕ ಹೆಸರು. ಕುರಿ, ಮೇಕೆ ಸಾಕುವವರಿಗೂ ಇದು ಬೇಕಾಗುತ್ತದೆ, ಹಾಗಾಗಿ ಮೊಲ ಸಾಕುವ ಕೆಲವರ ಶೋಕಿಗೆ ಸರ್ಕಾರದ ದುಡ್ಡೇಕೆ ಎನ್ನುವ ಆಕ್ಷೇಪ ನಿಲ್ಲದು. ಶಾಲೆಗಳಲ್ಲಿ ದ್ವಿದಳ, ಏಕದಳ ಎಂದು ಉರು ಹೊಡೆಸುವ ನಾವು, ಶಾಲೆಯ ಕಾಂಪೌಂಡಿನ ಬುಡದಲ್ಲಿರುವ ಹತ್ತು ಕಳೆಗಳನ್ನು ಮಕ್ಕಳಿಂದ ಮುಟ್ಟಿಸಿ, ಮೂಸಿಸಿ, ಚಿತ್ರ ಬರೆಸಬಾರದೇಕೆ? ಪಠ್ಯದ ಯಾವ ಪಾಠವೂ ಇದಕ್ಕೆ ಅಡ್ಡ ಬರುವುದಿಲ್ಲ.

ಅಲ್ಲಿಯವರೆಗೆ ಮೊಲ ಸಾಕಿದವರಲ್ಲಿ ನನ್ನ ಕೋರಿಕೆ ಇಷ್ಟು. ನಾಲ್ಕೇ ಗಿಡ ಕಲಿಯಿರಿ: ಗರಿಕೆ, ಹಿಪ್ಪುನೇರಳೆ, ಟ್ರೈಡ್ಯಾಕ್ಸ್, ಹೊನಗೊನೆ. ಮೊಳಕೆಯಿಂದ ಬೀಜದವರೆಗೆ ಒಂದು ಮಳೆಗಾಲ ಪೂರ್ತಿ ಅವುಗಳನ್ನು ಹಿಂಬಾಲಿಸಿ. ಗುರುತು ಗಟ್ಟಿಯಾದ ಹೊಸ ಗಿಡವನ್ನು ಮೊದಲ ದಿನ ಒಂದೇ ಎಲೆ ಕೊಟ್ಟು, ಮಾರನೆಯ ದಿನ ಹಿಕ್ಕೆ ನೋಡಿ ಮುಂದುವರಿಯಿರಿ. ತಾಯಿಹಾಲು ಬಿಟ್ಟು ಇನ್ನೂ ಬಹಳ ದಿನವಾಗದ ಮರಿಗೆ ಸೊಪ್ಪಿನ ಪ್ರಯೋಗ ಬೇಡ. ಹೂವಿರುವ ಒಂದು ಕಡ್ಡಿಯನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿಟ್ಟು ಮೇಲೆ ಭಾರ ಹೇರಿ ಒಣಗಿಸಿ, ಕೊಯ್ದ ಜಾಗ, ತಿಂಗಳು, ಊರಿನವರು ಕರೆಯುವ ಹೆಸರು ಬರೆದಿಡಿ. ಎಂದಾದರೂ ಮೊಲ ಏನನ್ನೋ ತಿಂದು ಮಂಕಾಗಿ ಕೂತರೆ, ಅದನ್ನು ಎತ್ತಿಕೊಂಡು ಓಡುವ ಮುಂಚೆ ಅದು ತಿಂದು ಬಿಟ್ಟ ಗಿಡದ ಉಳಿದ ಭಾಗವನ್ನು ಬೇರು ಸಮೇತ ಕಿತ್ತು ಜೊತೆಗೆ ಒಯ್ಯಿರಿ. 'ಏನೋ ಒಂದು ಹಸಿರು ಸೊಪ್ಪು' ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಗಿಡ ಎದುರಿಗಿದ್ದರೆ ಅವರು ಅದನ್ನು ತಿಳಿದವರಿಗೆ ತೋರಿಸಿಯಾದರೂ ಚಿಕಿತ್ಸೆಯ ದಾರಿ ಹುಡುಕಬಹುದು.